ಅಕ್ಕನ ಬೈಗುಳ ನುಂಗಿ ನೀರು ಕುಡಿದ ಪೈಪ್‌ಲೈನ್ ಮಹಾಶಯರಿಗೆ

ಮಾನ್ಯರಲ್ಲಿ ಮಾನ್ಯರೇ,

ಚಿತ್ರವನ್ನೂ ಶಬ್ದವನ್ನೂ ಒಂದು ತುದಿಯಲ್ಲಿ ಪಡೆದು, ಸೋಸಿ, ಹಿಂಡಿ, ಗಂಟು ಕಟ್ಟಿ, ಇನ್ನೊಂದು ತುದಿಯಲ್ಲಿ ಫೈಲಾಗಿ ಇಳಿಸುವ ಘನಕಾರ್ಯದಲ್ಲಿ ಹಗಲಿರುಳೆನ್ನದೆ ತೊಡಗಿರುವ ತಮಗೆ, ತಮ್ಮನ್ನು ಸಂಭಾಳಿಸುವುದಕ್ಕೆಂದೇ ಸಂಬಳ ಪಡೆಯುವ ಪ್ರೋಗ್ರಾಮರ್ ಒಬ್ಬಳ ನೂರೆಂಟು ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ಭಾವಿಸದೆ ಬೇರೆ ದಾರಿಯೂ ಇಲ್ಲ, ಏಕೆಂದರೆ ಒಳಗೆ ಎಲ್ಲವೂ ಕೆಟ್ಟು ಕೂತಿದ್ದಾಗಲೂ ಪರದೆಯ ಮೇಲೆ 'ಚಾಲನೆಯಲ್ಲಿದೆ' ಎಂದೇ ತೋರಿಸುವಷ್ಟು ತಾವು ಸಭ್ಯರು.

ಇದು ಬಹಿರಂಗ ಪತ್ರವಾದ್ದರಿಂದ, ತಮ್ಮ ಪರಿಚಯವಿಲ್ಲದ ಪುಣ್ಯವಂತರಿಗಾಗಿ ಎರಡು ಮಾತು ಹೇಳಲು ಅಪ್ಪಣೆಯಾಗಬೇಕು. ತಾವು ಕಂಪ್ಯೂಟರಿನೊಳಗಿದ್ದು ರೆಕಾರ್ಡಿಂಗ್ ಮಾಡುವವರು; ಒಬ್ಬರಲ್ಲ, ಸಾಲಾಗಿ ನಿಂತ ಪುಟ್ಟ ಪ್ರೋಗ್ರಾಮುಗಳ ಒಂದು ಬಳಗ. ಒಬ್ಬರು ಕ್ಯಾಮೆರಾದಿಂದ ಚಿತ್ರ ತರುತ್ತಾರೆ, ಇನ್ನೊಬ್ಬರು ಮೈಕಿನಿಂದ ದನಿ ತರುತ್ತಾರೆ, ಅವರ ಹಿಂದಿನವರು ಬಂದದ್ದನ್ನು ಹಿಂಡಿ ಚಿಕ್ಕದು ಮಾಡುತ್ತಾರೆ, ಗಂಟು ಕಟ್ಟುವವರು ಎರಡನ್ನೂ ಸೇರಿಸಿ ಒಂದು ಗಂಟು ಮಾಡುತ್ತಾರೆ, ಕಡೆಯವರು ಅದನ್ನು ಡಿಸ್ಕಿನ ಮೇಲೆ ಇಡುತ್ತಾರೆ. ಪ್ರತಿಯೊಬ್ಬರಿಗೂ ತಮ್ಮ ಕೆಲಸ ಮಾತ್ರ ಗೊತ್ತು, ಒಟ್ಟಿನಲ್ಲಿ ಏನು ನಡೆಯುತ್ತಿದೆಯೆಂಬುದು ಯಾರಿಗೂ ಗೊತ್ತಿಲ್ಲ, ಕೆಟ್ಟಾಗ ಎಲ್ಲರೂ ಪಕ್ಕದವರ ಕಡೆ ಕೈ ತೋರಿಸುತ್ತಾರೆ. ಇಂಥ ಬಳಗಗಳಲ್ಲಿ ನಾನು ಸಂಬಳಕ್ಕಾಗಿ ಹಲವು ವರ್ಷ ಕಳೆದಿದ್ದೇನಾದರೂ, ತಮ್ಮಷ್ಟು ಶಿಸ್ತಿನಿಂದ ಜವಾಬ್ದಾರಿ ತಪ್ಪಿಸಿಕೊಳ್ಳುವವರನ್ನು ಕಂಡಿರಲಿಲ್ಲ.

ಈಗ ನನ್ನ ಅಳಲು. ನನ್ನ ಅಕ್ಕ ಶಾಲೆಯಲ್ಲಿ ಗಣಿತ ಕಲಿಸುವವಳು. ಮೈಕಿಲ್ಲದ ತರಗತಿಗಳಲ್ಲಿ ಕೂಗಿ ಕೂಗಿ ಅವಳ ಗಂಟಲಿನ ಸ್ವರತಂತುವಿನ ಮೇಲೆ ಗಂಟು ಬೆಳೆದಿತ್ತು. ಶಸ್ತ್ರಚಿಕಿತ್ಸೆಯಾಗಬೇಕು, ಆಮೇಲೆ ಕೆಲವು ವಾರ ಪಿಟ್ಟೆನ್ನಬಾರದು, ದನಿ ಮೊದಲಿನ ಹಾಗೇ ಮರಳುತ್ತದೆಂದು ಭರವಸೆ ಕೊಡಲಾರೆ, ಶಸ್ತ್ರಚಿಕಿತ್ಸೆಯವರೆಗೂ ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಮಾತು ಬೇಡ ಎಂದು ಡಾಕ್ಟರಮ್ಮ ಹೇಳಿದಾಗ ಅಕ್ಕ ಅಳಲಿಲ್ಲ, ಲೆಕ್ಕ ಹಾಕಿದಳು. ಮನೆಯಲ್ಲಿ ಇಬ್ಬರು ಮಕ್ಕಳು, ಒಬ್ಬ ಗಂಡ. ಮೂವರನ್ನೂ ಬೆಳಿಗ್ಗೆ ಎಬ್ಬಿಸುವುದರಿಂದ ಹಿಡಿದು ರಾತ್ರಿ ದೀಪ ಆರಿಸುವವರೆಗೆ ಆ ಮನೆ ನಡೆಯುವುದು ಅವಳ ಬಾಯಿಂದ. ಆದ್ದರಿಂದ ಅವಳು ನನ್ನನ್ನು ಕರೆದು, ಪಿಸುದನಿಯಲ್ಲಿ, "ನನ್ನ ಬೈಗುಳ ಎಲ್ಲಾ ರೆಕಾರ್ಡ್ ಮಾಡ್ಕೊಡೇ. ಬಟನ್ ಒತ್ತಿದ್ರೆ ಸಾಕು, ಬೈಬೇಕು" ಎಂದಳು. ಪಕ್ಕದಲ್ಲೇ ಇದ್ದ ಭಾವ, ಬೈಸಿಕೊಳ್ಳುವುದರಲ್ಲಿ ಎಲ್ಲರಿಗಿಂತ ಹೆಚ್ಚಿನ ಅನುಭವವಿರುವವರು, "ಬರೀ ದನಿ ಆದ್ರೆ ಯಾರೂ ಹೆದರಲ್ಲ, ಕಣ್ಣು ಬಿಡೋದೂ ಬೇಕು" ಎಂದು ಸಲಹೆ ಕೊಟ್ಟಿದ್ದರಿಂದ ಚಿತ್ರವೂ ಸೇರಿತು. ಹೀಗೆ ಕಚೇರಿಯಲ್ಲಷ್ಟೇ ಇದ್ದ ತಮ್ಮ ಉಪದ್ರವ ಅಕ್ಕನ ಅಡುಗೆಮನೆಗೂ ಬಂದಿತು.

ಅಂದು ತಾವು ನನ್ನ ಕಂಪ್ಯೂಟರ್ ಡಬ್ಬದೊಳಗೆ ಕೂತು ಅಕ್ಕನ ಊಟದ ಮೇಜಿನ ಮೇಲೆ ಬಿಜಯಂಗೈದ ವೈಭವವನ್ನು ಹೇಗೆ ಮರೆಯಲಿ? ಕ್ಯಾಮೆರಾದವರು ತಂದ ಚಿತ್ರದ ಬಣ್ಣದ ಲೆಕ್ಕ ಹಿಂಡುವವರಿಗೆ ಹಿಡಿಸಲಿಲ್ಲ. ಮುನಿಸಿಕೊಂಡ ಓರಗಿತ್ತಿಯರ ಹಾಗೆ ಇಬ್ಬರೂ ಮುಖ ತಿರುಗಿಸಿ ಕೂತರು. ನಡುವೆ ಒಬ್ಬ ಪರಿವರ್ತಕರನ್ನು ತಂದು ಕೂರಿಸಿದ ಮೇಲೆಯೇ ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರು ಮುಟ್ಟಿದ್ದು. ಇಷ್ಟಾಗುವವರೆಗೆ ತಾವು ನನಗೆ ಕೊಟ್ಟ ವಿವರಣೆ ಒಂದೇ ಸಾಲು: 'ಹೊಂದಾಣಿಕೆಯಾಗಲಿಲ್ಲ.' ಯಾರಿಗೆ, ಯಾರೊಡನೆ, ಯಾವ ಕಾರಣಕ್ಕೆ ಎಂಬ ಸಣ್ಣತನದ ವಿವರಗಳಿಗೆ ಇಳಿಯದ ತಮ್ಮ ಗಾಂಭೀರ್ಯವನ್ನು ಮೆಚ್ಚಲೇಬೇಕು.

ಅಕ್ಕ ತನಗೆ ಸಿಕ್ಕಿದ್ದ ಅರ್ಧ ಗಂಟೆಯ ದನಿಯನ್ನು ಅಂದು ಪೂರ್ತಿ ತಮಗೇ ಸುರಿದಳು. ಬೆಳಗ್ಗೆಯಿಂದ ಸನ್ನೆಯಲ್ಲೇ ಮನೆ ನಡೆಸಿ ಉಳಿಸಿಕೊಂಡ ದನಿ ಅದು. "ಏಳ್ತೀಯಾ, ನೀರು ಹಾಕ್ಲಾ?", "ಹಲ್ಲುಜ್ಜಿದ್ದು ಹೌದಾದ್ರೆ ಬ್ರಷ್ ಯಾಕೆ ಒಣಗಿದೆ?", "ರೀ, ಒದ್ದೆ ಟವೆಲ್ ಮಂಚದ ಮೇಲೆ ಯಾರ ಅಜ್ಜಂಗೆ?" ಎಂದು ಅವಳು ಕ್ಯಾಮೆರಾವನ್ನೇ ದಿಟ್ಟಿಸಿ ಹೇಳುತ್ತಿದ್ದರೆ, ಯಾವ ತಪ್ಪೂ ಮಾಡದ ನಾನೇ ಎದ್ದುಹೋಗಿ ಟವೆಲ್ ಒಣಹಾಕಿ ಬಂದೆ. ಎಲ್ಲ ಮುಗಿದ ಮೇಲೆ, ಲೋಕದ ಜನರೆಲ್ಲ ಮಾಡುವಂತೆ, ಪರದೆಯ ಮೂಲೆಯಲ್ಲಿದ್ದ ಗುಣಾಕಾರದ ಗುರುತನ್ನು ಒತ್ತಿ ತಮ್ಮನ್ನು ನಿಲ್ಲಿಸಲಾಯಿತು. ಫೈಲು ಡಿಸ್ಕಿನ ಮೇಲೆ ದಪ್ಪಗೆ ಕೂತಿತ್ತು. ತೆರೆಯಲು ಹೋದರೆ ತೆರೆಯಲಿಲ್ಲ.

ತಮ್ಮ ಸಂಪ್ರದಾಯ ಆಮೇಲೆ ನೆನಪಾಯಿತು. ತಮ್ಮನ್ನು ನಿಲ್ಲಿಸುವುದು ಬೇರೆ, ತಮಗೆ 'ಮುಗಿಯಿತು' ಎಂದು ತಿಳಿಸುವುದು ಬೇರೆ. ಮೊದಲನೆಯವರಿಗೆ ಹೇಳಬೇಕು, ಅವರು ಎರಡನೆಯವರಿಗೆ, ಅವರು ಮುಂದಿನವರಿಗೆ, ಹೀಗೆ ಆ ಸುದ್ದಿ ಸಾಲಿನ ಕಡೆಯವರೆಗೂ ನಡೆದುಹೋಗಬೇಕು. ಆಗಲೇ ಗಂಟು ಕಟ್ಟುವವರು ಒಳಗೆ ಏನೇನು ಎಲ್ಲೆಲ್ಲಿದೆಯೆಂಬ ಸೂಚಿಯನ್ನು ಬರೆದು ಗಂಟು ಬಿಗಿಯುವುದು. ಹೇಳದೆ ಎಬ್ಬಿಸಿದರೆ ಸಾಮಾನೆಲ್ಲ ಒಳಗಿದ್ದೂ ಬೀಗದ ಕೈ ಒಳಗೇ ಉಳಿದ ಕೋಣೆಯಂತಾಗುತ್ತದೆ. ನಾನು ಮಾಡಿದ ರಿಪೇರಿಗಳೆಲ್ಲ ಕೈಕೊಟ್ಟವು. ಅಕ್ಕನಿಗೆ ಹೇಳಿದಾಗ ಅವಳು ಬಾಯಿ ತೆರೆದು, ಆ ದಿನದ ಮಾತು ಮುಗಿದುಹೋಗಿರುವುದು ನೆನಪಾಗಿ, ಬಾಯಿ ಮುಚ್ಚಿಕೊಂಡಳು. ನನಗೆ ಬಹಳ ಸಂಕಟವಾಯಿತು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆದರೂ ತಮ್ಮ ಈ ಪದ್ಧತಿಯನ್ನು ನಮ್ಮ ಕಚೇರಿಯ ಮೀಟಿಂಗುಗಳಿಗೆ ಎರವಲು ಕೊಡಬೇಕೆಂದು ಕೋರುತ್ತೇನೆ. ಅಲ್ಲಿ ಯಾರಾದರೊಬ್ಬರು 'ಮುಗಿಯಿತು' ಎಂದರೆ ಪಕ್ಕದವರು ಅದನ್ನು ಮುಂದೆ ಸಾಗಿಸುವ ಬದಲು "ಇನ್ನೊಂದು ಚಿಕ್ಕ ವಿಷಯ" ಎಂದು ಶುರುಮಾಡುತ್ತಾರೆ. ನಮ್ಮ ಮ್ಯಾನೇಜರನ್ನು ತಾವು ಒಂದು ತಿಂಗಳ ಮಟ್ಟಿಗೆ ತಮ್ಮ ಸಾಲಿನಲ್ಲಿ ನಿಲ್ಲಿಸಿಕೊಂಡರೆ ನಾವು ಚಿರಋಣಿಗಳು. ಅವರಿಂದ ಚಿತ್ರವೇನೂ ಬರಲಿಕ್ಕಿಲ್ಲ, ಶಬ್ದಕ್ಕೆ ಮಾತ್ರ ಕೊರತೆಯಾಗದು.

ಮರುದಿನ, ಅಂದರೆ ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಅಕ್ಕ ಮತ್ತೆ ಕೂತು ಎಲ್ಲವನ್ನೂ ಮೊದಲಿಂದ ಬೈದಳು. ದನಿ ಇನ್ನಷ್ಟು ಸವೆದಿತ್ತು, ಸಿಟ್ಟು ಮಾತ್ರ ತಾಜಾ ಇತ್ತು. ಈ ಸಲ ನಾನು ಕೈಮುಗಿಯುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಮರ್ಯಾದೆಯೊಡನೆ ಕ್ಯಾಮೆರಾದವರಿಗೆ 'ಮುಗಿಯಿತು' ಎಂದು ತಿಳಿಸಿ, ತಮ್ಮ ಕಡೆಯಿಂದ ಮರುಸುದ್ದಿ ಬರಲೆಂದು ಕಾದೆ. ಬರಲಿಲ್ಲ. ಮತ್ತೂ ಕಾದೆ. ಮೈಕಿನವರಿಗೆ ಬೇರೆಯಾಗಿ ಹೇಳಿಕಳಿಸಬೇಕಂತೆ! ಒಂದೇ ಮೇಜಿನ ಮೇಲೆ, ಒಂದು ಗೇಣು ದೂರದಲ್ಲಿ ಕೂತು, ಕ್ಯಾಮೆರಾದವರು ಎದ್ದು ಹೋದದ್ದನ್ನು ಕಣ್ಣಾರೆ ಕಂಡರೂ, ತಮಗೆ ಪ್ರತ್ಯೇಕ ಆಮಂತ್ರಣ ಬಂದಿಲ್ಲವೆಂದು ಅವರು ಕೇಳಿಸಿಕೊಳ್ಳುತ್ತಲೇ ಇದ್ದರು. ಗಂಟು ಕಟ್ಟುವವರೂ ಅವರಿಗಾಗಿ ಕಾಯುತ್ತಲೇ ಇದ್ದರು. ನನಗೆ ಹೊಳೆದು ಮೈಕಿನವರಿಗೂ ಹೇಳಿದ ಮೇಲೆ ಫೈಲು ಚೊಕ್ಕವಾಗಿ ಮುಚ್ಚಿಕೊಂಡಿತು, ತೆರೆಯಿತು ಕೂಡ. ಅವಸರದಲ್ಲಿ ನಾನು ಮಾತುಗಳನ್ನು ಒಂದೊಂದಾಗಿ ಕತ್ತರಿಸಿ ಅಕ್ಕನ ಟ್ಯಾಬಿನ ಪರದೆಯ ಬಟನ್ನುಗಳಿಗೆ ಹಂಚಿದೆ. ಕಡೆಯದಾದ 'ಟಿವಿ ಆರಿಸು' ಎಂಬುದರ ಬಾಲವನ್ನು ಕತ್ತರಿಸಲಿಲ್ಲ.

ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಅಕ್ಕ ಮನೆಗೆ ಬಂದು ಸೋಫಾದಲ್ಲಿ ಟ್ಯಾಬ್ ಹಿಡಿದು ಕೂತಳು. ಮನೆ ನಡೆಯತೊಡಗಿತು. ಮಕ್ಕಳು ಎದ್ದರು, ಬ್ರಷ್ಷುಗಳು ಒದ್ದೆಯಾದವು, ಭಾವ ಟವೆಲಿನ ಬಟನ್ನಿನ ಸದ್ದಿಗೆ ಬಚ್ಚಲಿನಿಂದಲೇ "ಹಾಕ್ದೆ, ಹಾಕ್ದೆ" ಎಂದು ಉತ್ತರ ಕೊಡುತ್ತಿದ್ದರು. ತಮ್ಮ ಮೇಲಿನ ಸಿಟ್ಟನ್ನು ಬಿಟ್ಟೇಬಿಡೋಣವೆಂದು ನಾನು ಯೋಚಿಸುತ್ತಿದ್ದ ಸಂಜೆಯೇ ಅಕ್ಕ 'ಟಿವಿ ಆರಿಸು' ಒತ್ತಿದಳು. ಬೈಗುಳ ಮುಗಿಯಿತು. ಚಿತ್ರದಲ್ಲಿ ಅವಳು ಕಣ್ಣು ಕೆಕ್ಕರಿಸಿದಂತೆಯೇ ನಿಂತುಬಿಟ್ಟಳು, ದನಿ ಮಾತ್ರ ನಿಲ್ಲಲಿಲ್ಲ. ಬಾಯಿ ಅಲ್ಲಾಡಿಸದ ಆ ಮುಖದ ಹಿಂದಿನಿಂದ, ಬಹಳ ಮೆತ್ತಗೆ, "ಆಫ್ ಆಯ್ತೇನೇ? ಲೇ, ನನ್ ದನಿ ಬೇರೆ ಥರ ಬಂದ್ರೆ ಮಕ್ಕಳಿಗೆ ನಾನು ಬೇರೆ ಯಾರೋ ಅನ್ಸಲ್ವಾ?" ಎಂಬ ಮಾತು ಕೇಳಿಸಿತು. ಅದಕ್ಕೆ ನನ್ನ ಉತ್ತರವನ್ನೂ ತಾವು ಜೋಪಾನವಾಗಿ ಇಟ್ಟುಕೊಂಡಿದ್ದಿರಿ: "ಒಂದ್ನಿಮಿಷ ಇರೇ, ಇದ್ಯಾಕೋ ನಿಲ್ತಾನೇ ಇಲ್ಲ."

ಅಕ್ಕ ತಡಬಡಿಸಿ ಟ್ಯಾಬನ್ನು ಬೋರಲು ಹಾಕಿದಳು. ಏನಾದರೂ ಹೇಳಿ ಹಾರಿಸೋಣವೆಂದರೆ ಅವಳು ಮಾತಾಡುವಂತಿಲ್ಲ. ನಾನೋ, ಮಾತಾಡಲು ಯಾರ ಅಡ್ಡಿಯೂ ಇಲ್ಲದಿದ್ದರೂ, ಬೋರಲಾದ ಟ್ಯಾಬಿನ ದನಿ ತಗ್ಗಿಸುವ ಗುಂಡಿಗಾಗಿ ತಡಕಾಡುತ್ತಿದ್ದೆ. ಅವಳ ದೊಡ್ಡ ಮಗಳು ಮಾತ್ರ ಟಿವಿಯಿಂದ ಕಣ್ಣು ತೆಗೆಯದೆಯೇ, "ಅಮ್ಮಾ, ನಿನ್ ಚಪ್ಪಲಿ ಸದ್ದು ಮೆಟ್ಟಿಲ ಮೇಲೆ ಕೇಳಿದ್ ತಕ್ಷಣ ನಾವು ಟಿವಿ ಆರಿಸ್ತೀವಿ. ದನಿ ಕೇಳೋವರ್ಗೂ ಯಾರು ಕಾಯ್ತಾರೆ?" ಎಂದಳು. ಚಿಕ್ಕವನು, ತನ್ನ ಪಾಲಿನ ಗುಟ್ಟೂ ಹೊರಬೀಳಲೆಂದು, "ಕೆಮ್ಮಿದ್ರೂ ಗೊತ್ತಾಗತ್ತೆ" ಎಂದು ಸೇರಿಸಿದ. ನಗುವುದೂ ಕೂಡದೆಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದರು. ಅಕ್ಕ ದಿಂಬಿಗೆ ಮುಖ ಒತ್ತಿಕೊಂಡು ಸದ್ದಿಲ್ಲದೆ ನಕ್ಕಳು, ಬಹಳ ಹೊತ್ತು ನಕ್ಕಳು, ಮುಖ ಎತ್ತಿದಾಗ ದಿಂಬು ಒದ್ದೆಯಾಗಿತ್ತು.

ಆದಕಾರಣ ಮಾನ್ಯರೇ, ದೂರೆಂದು ಶುರುಮಾಡಿದ ಈ ಪತ್ರವನ್ನು ಯಾವ ಮುಖ ಹೊತ್ತು ದೂರಾಗಿಯೇ ಮುಗಿಸಲಿ? ನಾನು ಕಿವಿಗೆ ಹಾಕಿಕೊಳ್ಳದ ಪ್ರಶ್ನೆಯನ್ನು ತಾವು ಕೇಳಿಸಿಕೊಂಡಿರಿ, ಉತ್ತರ ಗೊತ್ತಿದ್ದವರಿಗೇ ತಲುಪಿಸಿದಿರಿ. ಇನ್ನು ಮುಂದೆ ತಾವು ಎಲ್ಲಿ ನಿಲ್ಲದೆ ಹೋದರೂ, ಸಿಟ್ಟಾಗುವ ಮೊದಲು ಪಕ್ಕದಲ್ಲಿ ಯಾರು ಏನು ಹೇಳುತ್ತಿದ್ದಾರೆಂದು ತಿರುಗಿ ನೋಡುತ್ತೇನೆ. ಕಳೆದುಹೋದ ಮೊದಲ ದಿನದ ಅರ್ಧ ಗಂಟೆಯನ್ನು ಮಾತ್ರ, ದಯವಿಟ್ಟು, ತಾವು ಎಲ್ಲಿ ಬಚ್ಚಿಟ್ಟಿದ್ದರೂ ವಾಪಸು ಮಾಡಬೇಕು.

ಇಂತಿ, ನಿಲ್ಲಿಸಲು ಬಾರದ,
ತಮ್ಮ ವಿಶ್ವಾಸಿ,
ಮಕ್ಕಳ ಚಿಕ್ಕಮ್ಮ

ತಾ.ಕ.: ಅಕ್ಕನ ದನಿ ಮರಳಿದೆ, ಕೊಂಚ ಒರಟಾಗಿ. ಡಾಕ್ಟರಮ್ಮ ಮಾತಾಡಬಹುದು ಎಂದ ದಿನ ಮನೆಯವರೆಲ್ಲ ಸುತ್ತ ಕೂತು, ಮೊದಲ ಮಾತು ಯಾರ ಪಾಲಿಗೋ ಎಂದು ಉಸಿರು ಬಿಗಿಹಿಡಿದಿದ್ದೆವು. ಅದು ತಮ್ಮ ಪಾಲಿಗೆ ಬಂತೆಂದು ತಿಳಿಸಲು ಹರ್ಷಿಸುತ್ತೇನೆ: "ಆ ದರಿದ್ರ ಡಬ್ಬಾನ ನನ್ನ ಊಟದ ಮೇಜಿಂದ ಎತ್ತಿ!"