ಎರಡನೇ ಬ್ರೇಕ್ ಇಲ್ಲದ ಕಾರಿಗೆ ಒಪ್ಪಿಗೆ ಕೋರಿ

ಇಂದ,
ತಮ್ಮ ಒಬ್ಬಳೇ ಮಗಳು,
ಮನೆಮನೆಗೆ ಹೋಗಿ ಹಟಮಾರಿ ಮಂಡಿ, ಸೊಂಟ, ಹೆಗಲುಗಳನ್ನು ದಾರಿಗೆ ತರುವ ಫಿಸಿಯೊಥೆರಪಿಸ್ಟ್ ಹಾಗೂ ಹೊಸ ಲೈಸೆನ್ಸುದಾರಳು,
ಮಹಡಿಯ ಕೋಣೆ.

ಗೆ,
ಸಂಸ್ಥಾಪಕರು, ಪ್ರಾಂಶುಪಾಲರು ಮತ್ತು ಇರುವ ಒಬ್ಬರೇ ಬೋಧಕರು,
ಡ್ರೈವಿಂಗ್ ಸ್ಕೂಲ್,
ಇದೇ ಮನೆಯ ಕೆಳಗಿನ ಮುಂಭಾಗ.
(ಮನೆಯಲ್ಲಿ ಅಪ್ಪ, ಕಲಿಯಲು ಬರುವವರ ಬಾಯಲ್ಲಿ ಬ್ರೇಕ್ ಮೇಷ್ಟ್ರು.)

ವಿಷಯ: ಅರ್ಜಿದಾರಳು ಸ್ವಂತ ದುಡಿಮೆಯಿಂದ ಕೊಳ್ಳಲಿರುವ ಮೊದಲ ಕಾರಿಗೆ, ಪಕ್ಕದ ಸೀಟಿನ ಮುಂದೆ ಇನ್ನೊಂದು ಬ್ರೇಕ್ ಪೆಡಲ್ ಕೂರಿಸದೆ, ಇದ್ದದ್ದು ಇದ್ದ ಹಾಗೆಯೇ ಒಪ್ಪಿಗೆ ನೀಡುವ ಬಗ್ಗೆ.

ಉಲ್ಲೇಖ:
1. ಊಟದ ಮೇಜಿನ ಮೇಲೆ ತಾವು ಮೌಖಿಕವಾಗಿ ಹೊರಡಿಸಿದ “ನೋಡೋಣ” ಎಂಬ ಆದೇಶ.
2. ಅದನ್ನೇ ಮಾರನೆಯ ದಿನ ಕಾರು ತೊಳೆಯುತ್ತಾ ಪುನರುಚ್ಚರಿಸಿದ್ದು.
3. ಮೆಕ್ಯಾನಿಕ್ ಅಂಕಲ್ ಬಾಯಿ ತಪ್ಪಿ ಗುಟ್ಟು ಬಿಟ್ಟುಕೊಟ್ಟ ಫೋನ್ ಕರೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಮಾತನ್ನು ಎದುರಿಗೇ ಆಡಲು ಆಕೆ ಹಲವು ಬಾರಿ ಬಾಯಿ ತೆರೆದದ್ದುಂಟು. ಪ್ರತಿ ಬಾರಿಯೂ ತಾವು ಬಕೆಟ್ ಹಿಡಿದು ಎದ್ದು ಹೋಗಿರುತ್ತೀರಿ. ಸ್ಕೂಲಿನ ಕಾರು ಈಗಾಗಲೇ ಫಳಫಳ ಹೊಳೆಯುತ್ತಿದೆ; ಇನ್ನೂ ತೊಳೆದರೆ ಬಣ್ಣ ಹೋಗುತ್ತದೆ. ಕೊನೆಗೆ ಅಮ್ಮನೇ ದಾರಿ ತೋರಿಸಿದರು: “ಬಾಯಲ್ಲಿ ಹೇಳಿದ್ದು ನಿಮ್ಮಪ್ಪನ ಕಿವಿಗೆ ಇಳಿಯಲ್ಲ ಕಣೇ. ಬರೆದು ಕೊಡು. ಸ್ಕೂಲಿಗೆ ಬಂದ ಅರ್ಜಿ ಅಂದ್ರೆ ಕನ್ನಡಕ ಹಾಕ್ಕೊಂಡು ಎರಡು ಸಲ ಓದ್ತಾರೆ.” ಕಾರಣ, ಈ ಅರ್ಜಿ.

1. ಕಾರಿನ ಅಗತ್ಯದ ಬಗ್ಗೆ: ಅರ್ಜಿದಾರಳ ಕೆಲಸಕ್ಕೆ ಮಡಚುವ ಮೇಜೊಂದು ಬೇಕೇ ಬೇಕು. ರೋಗಿ ಮಲಗುವುದು ಅದರ ಮೇಲೆಯೇ. ಸದರಿ ಮೇಜನ್ನು ಬಸ್ಸಿನಲ್ಲಿ ಸಾಗಿಸುತ್ತಿರುವುದರಿಂದ ಪ್ರಯಾಣಿಕರ ಮೊಣಕಾಲುಗಳಿಗೆ ಪೆಟ್ಟು ಬೀಳುತ್ತಿದ್ದು, ಅರ್ಜಿದಾರಳು ರೋಗಿಗಳನ್ನು ತಾನೇ ತಯಾರು ಮಾಡಿಕೊಳ್ಳುತ್ತಿದ್ದಾಳೆ ಎಂಬ ಅಪವಾದ ಬಂದಿದೆ. ಕಂಡಕ್ಟರು “ಏನಮ್ಮಾ, ಇವರಿಗೂ ಒಂದು ಟಿಕೆಟ್ ಕೊಡ್ಲಾ?” ಎಂದು ದಿನವೂ ಕೇಳುತ್ತಾರೆ, ದಿನವೂ ತಾವೇ ನಗುತ್ತಾರೆ. ಮೊನ್ನೆ ಬಸ್ಸು ಗಕ್ಕನೆ ನಿಂತಾಗ ಮೇಜು ತನ್ನಷ್ಟಕ್ಕೆ ತಾನೇ ಬಿಚ್ಚಿಕೊಂಡು ನಡುದಾರಿಯಲ್ಲಿ ನಾಲ್ಕು ಕಾಲೂರಿ ನಿಂತಿತು. ನಿಂತು ನಿಂತು ಸೋತಿದ್ದ ಹಿರಿಯರೊಬ್ಬರು “ನನ್ನ ಸ್ಟಾಪ್ ಬರೋವರೆಗೂ ಸ್ವಲ್ಪ ಒರಗಲಾ ಮಗಾ?” ಎಂದರು. ಅರ್ಜಿದಾರಳು ಅವರ ಕೈಚೀಲ ಹಿಡಿದು ನಿಂತಳು.

2. ಆಯ್ಕೆಯ ನಿಯಮಗಳ ಬಗ್ಗೆ: ಎಂಜಿನ್ ಚಿಕ್ಕದಿರಬೇಕು, ಏಕೆಂದರೆ ವಿಮೆಯವರು ಎಳೆ ವಯಸ್ಸು, ಹೊಸ ಲೈಸೆನ್ಸು, ದೊಡ್ಡ ಎಂಜಿನ್ನು ಮೂರನ್ನೂ ಒಟ್ಟಿಗೆ ಕಂಡರೆ ಹುಬ್ಬೇರಿಸುತ್ತಾರೆ. ಬಿಡಿಭಾಗ ಯಾವ ಗಲ್ಲಿಯಲ್ಲಾದರೂ ಸಿಗಬೇಕು. ಹಿಂದಿನ ಸೀಟು ಮಡಚಬೇಕು. ಕೊಂಡ ದಿನಕ್ಕಿಂತ ಸಾಕುವ ದಿನಗಳೇ ಹೆಚ್ಚು ಎಂಬುದನ್ನು ಮರೆಯಬಾರದು. ಈ ನಿಯಮಗಳೆಲ್ಲ ತಮ್ಮವೇ; ಅರ್ಜಿದಾರಳು ಇವುಗಳಿಗೆ ಎಳ್ಳಷ್ಟೂ ತಕರಾರು ಎತ್ತಿಲ್ಲ.

3. ಮೊದಲ ಕಾರಿನ ಬಗ್ಗೆ: ಅದು ಔಷಧಿ ಅಂಗಡಿಯವರದು. ಒಳಗೆ ಕೆಮ್ಮಿನ ಸಿರಪ್ಪಿನ ವಾಸನೆ ಬಿಟ್ಟರೆ ಎಲ್ಲ ಸರಿಯಾಗಿಯೇ ಇತ್ತು. ಅರ್ಜಿದಾರಳು ಓಡಿಸುತ್ತಿದ್ದಳು, ತಾವು ಪಕ್ಕದಲ್ಲಿದ್ದಿರಿ, ಮಾಲೀಕರು ಹಿಂದೆ ಕೂತು ಕಾರಿನ ಗುಣಗಾನ ಮಾಡುತ್ತಿದ್ದರು. ಬಹು ದೂರದಲ್ಲಿ ಒಂದು ಬೆಕ್ಕು ರಸ್ತೆ ದಾಟುವ ಯೋಚನೆ ಮಾಡಿತು. ತಾವು ತಕ್ಷಣ, ಸ್ಕೂಲಿನ ಕಾರಿನಲ್ಲಿ ಬೋಧಕರ ಕಾಲಡಿ ಇರುವ, ಇಲ್ಲಿ ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತಿದಿರಿ. ಕಾರು ನಿಲ್ಲಲಿಲ್ಲ, ಕಾಲೂ ನಿಲ್ಲಲಿಲ್ಲ. ತುಕ್ಕು ತಿಂದ ತಳವನ್ನು ಸೀಳಿಕೊಂಡು ಅದು ರಸ್ತೆ ನೋಡಿತು. ತಾವು ಕಾಲನ್ನು ಮೇಲೆಳೆದುಕೊಂಡಾಗ ಬೂಟು ಅದರ ಜೊತೆ ಬರಲಿಲ್ಲ. “ತಳ ಸರಿ ಇಲ್ಲ,” ಎಂದಷ್ಟೇ ಹೇಳಿದಿರಿ. ಮಾಲೀಕರು ಹುಳ್ಳಗೆ ನಗುತ್ತಾ “ಗಾಳಿ ಚೆನ್ನಾಗಿ ಆಡುತ್ತೆ ಸಾರ್” ಎಂದರು. ಮನೆಗೆ ಬಂದು ಹೇಳಿದಾಗ ಅಮ್ಮನಿಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಆ ಕಾಲು ಇಲ್ಲದಿದ್ದರೆ ಆ ಕಾರು ಇಂದು ನಮ್ಮ ಅಂಗಳದಲ್ಲಿರುತ್ತಿತ್ತು. ಅರ್ಜಿದಾರಳು ಉಪಕಾರ ಮರೆತವಳಲ್ಲ. ಆದರೂ ತಾವು ಒತ್ತಿದ್ದು ತಳ ಪರೀಕ್ಷಿಸಲು ಅಲ್ಲವೆಂಬ ಅಂಶ ದಾಖಲಾಗಲಿ.

4. ಎರಡನೇ ಕಾರು: ಕೆಂಪಗಿತ್ತು. ಮೇಲೆ ಆಕಾಶ ನೋಡುವ ಕಿಟಕಿ ಇತ್ತು. ಅರ್ಜಿದಾರಳು ಮನಸೋತದ್ದು ನಿಜ. ವಿಮೆಯವರು ಹೇಳಿದ ಮೊತ್ತ ಕೇಳಿ ನಿಜವಾಗಿಯೂ ಆಕಾಶ ನೋಡಿದಳು. ಈ ಅಂಶವನ್ನು ಬೆಳೆಸುವುದು ಬೇಡ.

5. ಮೂರನೇ ಕಾರಿನ ಬಗ್ಗೆ: ಇದು ನಿವೃತ್ತ ಗ್ರಂಥಪಾಲಕರದು. ಹಸಿರೂ ಅಲ್ಲ, ಹಳದಿಯೂ ಅಲ್ಲ, ಕಂಡವರೆಲ್ಲ ಮೂಗು ಮುರಿಯುವ ಬಣ್ಣ. ಆ ಒಂದೇ ಕಾರಣಕ್ಕೆ ಬೆಲೆ ನಮ್ಮ ಕೈಗೆಟುಕುವಷ್ಟು ಇಳಿದಿದೆ. “ಇದು ಜಾಸ್ತಿ ಸದ್ದು ಮಾಡಲ್ಲಮ್ಮ, ನಾನು ಮಾಡೋಕೆ ಬಿಟ್ಟಿಲ್ಲ,” ಎಂದು ಗ್ರಂಥಪಾಲಕರು ಪಿಸುದನಿಯಲ್ಲಿ ಹೇಳಿದರು. ತಾವು ಕಾರಿನ ಕೆಳಗೆ ಮಲಗಿ ನೋಡಿದಿರಿ. ಬಾನೆಟ್ ತೆರೆಸಿ ಎಣ್ಣೆ ಮೂಸಿದಿರಿ. ನಾಲ್ಕೂ ಬಾಗಿಲು ಬಡಿದು ಕಿವಿಗೊಟ್ಟಿರಿ. ತಳವನ್ನಂತೂ ಈ ಬಾರಿ ಬೇಕೆಂದೇ ತುಳಿದಿರಿ. ಎಲ್ಲಿಯೂ ಒಂದು ಹುಳುಕೂ ಸಿಗದೆ ತಮ್ಮ ಮುಖ ಸಪ್ಪಗಾದುದನ್ನು ಅರ್ಜಿದಾರಳು ಕಣ್ಣಾರೆ ಕಂಡಿದ್ದಾಳೆ. ಅಂದು ಊಟಕ್ಕೆ ಕೂತಾಗಲೇ ಉಲ್ಲೇಖ 1ರ “ನೋಡೋಣ” ಹೊರಬಿದ್ದದ್ದು.

ಈ “ನೋಡೋಣ”ದ ಒಳಗುಟ್ಟು ತಿಳಿದದ್ದು ಮೆಕ್ಯಾನಿಕ್ ಅಂಕಲ್ ಫೋನು ಮಾಡಿದಾಗ. “ಪುಟ್ಟೀ, ಆ ಕಾರಿನ ಪಕ್ಕದ ಸೀಟಿನ ಮುಂದೆ ಎಷ್ಟು ಜಾಗ ಇದೆ ಅಂತ ಅಳೆದು ಹೇಳ್ತೀಯಾ? ನಿಮ್ಮಪ್ಪ ಎರಡನೇ ಪೆಡಲ್ ಕೂರಿಸು ಅಂದಿದಾರೆ. ಅಯ್ಯಯ್ಯೋ! ನಿಂಗೆ ಹೇಳ್ಬಾರ್ದು ಅಂದಿದ್ರು, ಹೇಳ್ಬಿಟ್ನಾ?”

ಹೇಳಿಬಿಟ್ಟರು. ಅವರ ಮೇಲೆ ಕ್ರಮ ಜರುಗಿಸಬಾರದಾಗಿ ಅರ್ಜಿದಾರಳು ಕೋರುತ್ತಾಳೆ.

6. ಆಕ್ಷೇಪಣೆ: ಅರ್ಜಿದಾರಳು ಕಲಿತದ್ದು ಸ್ಕೂಲಿನ ಕಾರಿನಲ್ಲಿ, ತಮ್ಮ ಪಕ್ಕದಲ್ಲಿ. ಆಕೆ ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಕಾರು ನಯವಾಗಿ ನಿಂತಿರುತ್ತಿತ್ತು. “ಚೆನ್ನಾಗಿ ನಿಲ್ಲಿಸ್ದೆ ಮಗಳೇ,” ಎನ್ನುತ್ತಿದ್ದಿರಿ. ಆಕೆಯೂ ನಂಬಿ ಉಬ್ಬಿಹೋಗುತ್ತಿದ್ದಳು. ನಿಲ್ಲಿಸಿದ್ದು ಯಾರೆಂಬುದು ಆಕೆಗೆ ಗೊತ್ತಾದದ್ದು ಲೈಸೆನ್ಸ್ ಪರೀಕ್ಷೆಯ ದಿನ. ಸೈಕಲ್ಲೊಂದು ಅಡ್ಡ ಬಂತು. ಪಕ್ಕದಲ್ಲಿದ್ದ ಪರೀಕ್ಷಾಧಿಕಾರಿ ಕಾಲು ಮಡಚಿ ಕೂತು ಏನೋ ಬರೆದುಕೊಳ್ಳುತ್ತಿದ್ದರು. ಅರ್ಜಿದಾರಳು ಒತ್ತಿದಳು. ಕಾರು ಕುಪ್ಪಳಿಸಿ ನಿಂತಿತು, ಅಧಿಕಾರಿಗಳ ಪೆನ್ನು ಹಾರಿತು, ಸೈಕಲ್ಲಿನವನು ಬೈದುಕೊಂಡು ಮುಂದೆ ಹೋದ. ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ಆಕೆಯ ಜೀವಮಾನದಲ್ಲಿ ಅದೇ ಮೊದಲು. ಬೇಲಿಯ ಆಚೆ ನಿಂತು ನೋಡಿದ ತಾವು ಮಾತ್ರ “ಇನ್ನೊಂಚೂರು ಮುಂಚೆ ಒತ್ಬೇಕಿತ್ತು” ಎಂದು ಇಡೀ ಸಂಜೆ ಗೊಣಗಿದಿರಿ.

ಆದಕಾರಣ, ಎರಡನೇ ಪೆಡಲ್ ಕೂರಿಸಿದಲ್ಲಿ ಅದು ಅರ್ಜಿದಾರಳ ಮೊದಲ ಕಾರಾಗುವುದಿಲ್ಲ. ತಮ್ಮ ಎರಡನೇ ಕಾರಾಗುತ್ತದೆ.

7. ವೈದ್ಯಕೀಯ ಕಾರಣ: ಮಂಡಿನೋವೆಂದು ತಾವು ಅರ್ಜಿದಾರಳ ಮೇಜಿನ ಮೇಲೆ ಮಲಗುತ್ತೀರಷ್ಟೆ. ತಮ್ಮ ಎಡ ಮೀನಖಂಡ ಎಲ್ಲರದರಂತಿದೆ. ಬಲಗಾಲಿನದು ಮರದ ಕೊರಡಿನಷ್ಟು ಗಟ್ಟಿ. ಕಾರಣ ಆಕೆಯ ಕೈಗೇ ತಿಳಿಯಿತು. ಬೇಕರಿಯವರು ಗೋಡೆಗೆ ನುಗ್ಗುವಾಗ, ಬ್ಯಾಂಕ್ ಮ್ಯಾನೇಜರಮ್ಮ ಕಂಬವನ್ನೇ ಗುರಿಯಿಟ್ಟಾಗ, ಈಗ ನಿಶ್ಚಿಂತೆಯಿಂದ ಕಾರು ಓಡಿಸಿಕೊಂಡಿರುವ ಅರ್ಧ ಊರು ತಬ್ಬಿಬ್ಬಾದಾಗಲೆಲ್ಲ ತಡೆದದ್ದು ಅದೊಂದೇ ಕಾಲು. ಬಸ್ಸಿನಲ್ಲಿಯೂ ಅದು ಸುಮ್ಮನಿರುವುದಿಲ್ಲ. “ಸ್ಟಾಪ್ ಬಂದಾಗೆಲ್ಲ ನನ್ನ ಚಪ್ಪಲಿ ಮೇಲೇ ಒತ್ತುತ್ತಾರೆ,” ಎಂದು ಅಮ್ಮ ಹೇಳಿಕೆ ನೀಡಿದ್ದಾರೆ. ಆ ಕಾಲನ್ನು ಕಂಡರೆ ಅರ್ಜಿದಾರಳಿಗೆ ಹೆಮ್ಮೆ. ಮುಟ್ಟಿದರೆ ಮರುಕ. ಅದಕ್ಕೆ ಎಣ್ಣೆಯೂ ನಾಟುತ್ತಿಲ್ಲ, ವ್ಯಾಯಾಮವೂ ನಾಟುತ್ತಿಲ್ಲ. ಅದಕ್ಕೆ ಬೇಕಾದದ್ದು ರಜೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಮಾನ್ಯರು ದೊಡ್ಡ ಮನಸ್ಸು ಮಾಡಿ ಮೂರನೇ ಕಾರಿಗೆ ಒಪ್ಪಿಗೆ ನೀಡಿ, ಮೆಕ್ಯಾನಿಕ್ ಅಂಕಲ್‌ಗೆ ಕೊಟ್ಟ ಆದೇಶವನ್ನು ಹಿಂಪಡೆದು, ತಮ್ಮ ಬಲಗಾಲಿಗೆ ಸದರಿ ಕಾರಿನ ಮಟ್ಟಿಗೆ ಕಾಯಂ ರಜೆ ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ಅರ್ಜಿದಾರಳಿಗೆ ಹೆದರಿಕೆಯೇ ಇಲ್ಲವೆಂದು ಯಾರೂ ಭಾವಿಸತಕ್ಕದ್ದಲ್ಲ. ಇದೆ, ಕೈ ಬೆವರುವಷ್ಟು ಇದೆ. ಆದರೂ ಒತ್ತಬೇಕಾದಾಗ ಆಕೆಯೇ ಒತ್ತುತ್ತಾಳೆ. ಇನ್ನೊಂಚೂರು ಮುಂಚೆಯೇ ಒತ್ತುತ್ತಾಳೆ.

ತಮ್ಮ ವಿಶ್ವಾಸಿ, ಹಾಗೂ ತಮ್ಮ ವಿಶ್ವಾಸಕ್ಕೆ ಕಾದಿರುವ,
ಮಗಳು

ಲಗತ್ತುಗಳು:
1. ಲೈಸೆನ್ಸಿನ ನಕಲು. (ಫೋಟೋ ನೋಡಿ ನಗಬಾರದು.)
2. ಮೂರನೇ ಕಾರಿನ ವಿಮೆಯ ಅಂದಾಜು. ಕೂತುಕೊಂಡೇ ಓದುವುದು, ಆದರೂ ಕೆಂಪು ಕಾರಿನಷ್ಟಿಲ್ಲ.
3. ಅಮ್ಮನ ಎಡಗಾಲಿನ ಚಪ್ಪಲಿ, ಸಾಕ್ಷ್ಯಕ್ಕಾಗಿ. ಪರಿಶೀಲಿಸಿ ಸಂಜೆಯೊಳಗೆ ಹಿಂದಿರುಗಿಸುವುದು, ಅವರಿಗೆ ಹೊರಗೆ ಹೋಗುವುದಿದೆ.

ವಿಶೇಷ ಸೂಚನೆ: ಗ್ರಂಥಪಾಲಕರು ಭಾನುವಾರ ಬೆಳಿಗ್ಗೆ ಕಾರು ತಂದು ಬಿಡುತ್ತಾರೆ. ಅರ್ಜಿದಾರಳು ತಮ್ಮನ್ನು ಊರಾಚೆಯ ಸೇತುವೆಯವರೆಗೆ ಕರೆದೊಯ್ದು ವಾಪಸು ತರಲು ಇಚ್ಛಿಸಿದ್ದಾಳೆ. ಪಕ್ಕದ ಸೀಟು ಹಿಂದಕ್ಕೆ ಪೂರ್ತಿ ಒರಗುತ್ತದೆ, ಪರೀಕ್ಷಿಸಲಾಗಿದೆ. ದಾರಿಯಲ್ಲಿ ತಮಗೆ ನಿದ್ದೆ ಬಂದಲ್ಲಿ, ಅದನ್ನು ತಡೆಯಬಾರದಾಗಿ ವಿನಂತಿ.