ಗುಂಡನ ಉಪವಾಸ

ಮ್ಯಾನೇಜರ ನಾಯಿಯನ್ನು ಒಂದು ಹಗಲು ಉಪವಾಸ ಕೆಡವಬೇಕು. ಕೆಲಸ ಅಷ್ಟೇ. ಅದನ್ನು ಮಾಡಿಕೊಟ್ಟರೆ, ನೆಲಮಾಳಿಗೆಯ ಉಗ್ರಾಣದಲ್ಲಿ ಜಿರಲೆಗಳ ಜೊತೆ ವರ್ಷಗಟ್ಟಲೆ ಕಾಲ ತಳ್ಳಿದ್ದ ಗುಮಾಸ್ತನಿಗೆ ಮೇಲಿನ ಮಹಡಿಯಲ್ಲಿ, ಕಿಟಕಿಯ ಪಕ್ಕದಲ್ಲಿ ಕುರ್ಚಿ ಸಿಗುವುದಿತ್ತು.

"ಸಂಜೆ ಡಾಕ್ಟರು ಇವನ ರಕ್ತ ತೆಗೀತಾರೆ. ಅಲ್ಲೀವರೆಗೂ ನೀರು ಬಿಟ್ಟು ಬೇರೇನೂ ಕೊಡಬಾರದಂತೆ," ಎಂದರು ಮ್ಯಾನೇಜರು, ಬೆಳಗ್ಗೆ ಕಾರಿನಿಂದ ನಾಯಿಯನ್ನು ಇಳಿಸುತ್ತ. "ನಮ್ಮನೇಲಿ ಆಗಲ್ಲಪ್ಪ. ಇವನು ಒಂದ್ಸಲ ಮುಖ ನೋಡಿದ್ರೆ ನಮ್ಮನೆಯವಳು ಕರಗಿ ನೀರಾಗ್ತಾಳೆ. ನಿಮ್ಮದು ಕಲ್ಲುಮನಸ್ಸು ಅಂತ ಆಫೀಸಲ್ಲಿ ಎಲ್ಲರೂ ಹೇಳ್ತಾರೆ."

ಗುಮಾಸ್ತ ಇದನ್ನು ಹೊಗಳಿಕೆಯೆಂದೇ ತಿಳಿದು ಕೈಮುಗಿದ.

ನಾಯಿಯ ಹೆಸರು ಗುಂಡ. ಹೆಸರಿಗೆ ಮೋಸವಿರಲಿಲ್ಲ. ಅದಕ್ಕೂ ನಾಲ್ಕು ಕಾಲಿವೆ ಎಂಬುದನ್ನು ಬಗ್ಗಿ ನೋಡಿಯೇ ನಂಬಬೇಕಾಗಿತ್ತು. ಮೆಟ್ಟಿಲು ಹತ್ತಲು ಅದು ಖಡಾಖಂಡಿತವಾಗಿ ನಿರಾಕರಿಸಿದ್ದರಿಂದ ಗುಮಾಸ್ತ ಅದನ್ನು ಅಕ್ಕಿಮೂಟೆಯಂತೆ ತಬ್ಬಿಕೊಂಡು, ಏದುಸಿರು ಬಿಡುತ್ತ ಮನೆ ಸೇರಿಸಿದ.

ಅವನ ಮನೆ ಇದ್ದದ್ದು ಬೇಕರಿಯ ಮೇಲೆ. ಮೊದಲ ಒಲೆಯ ಬನ್ನು ಬೆಂದು ಘಮಘಮ ವಾಸನೆ ಕಿಟಕಿಯಲ್ಲಿ ನುಗ್ಗಿದ್ದೇ ತಡ, ಗುಂಡ ಮುಖ ಮೇಲೆತ್ತಿ ಊಳಿಟ್ಟಿತು. ಎದುರುಮನೆಯ ನಿವೃತ್ತ ಹೆಡ್‌ಮಿಸ್ಟ್ರೆಸ್ಸು ಬಾಗಿಲು ತಟ್ಟಿದರು. ಊರಿನವರೆಲ್ಲ ಇನ್ನೂ ತಮ್ಮ ಶಾಲೆಯ ಮಕ್ಕಳೇ ಎಂದು ನಂಬಿದ್ದ ಹೆಂಗಸು.

"ಯಾಕೋ ಅಳಿಸ್ತಾ ಇದೀಯ ಅದನ್ನ?"

"ಹಸಿವು ಮೇಡಂ. ಆದ್ರೆ ಏನೂ ಹಾಕೋ ಹಾಗಿಲ್ಲ. ಸಂಜೆ ರಕ್ತ ಪರೀಕ್ಷೆ ಇದೆ."

"ನಾನೂ ಬೇಕಾದಷ್ಟು ಪರೀಕ್ಷೆ ಮಾಡಿಸಿದೀನಿ. ಒಂದು ಬಿಸ್ಕತ್ತಿಗೆ ಆಕಾಶ ಬೀಳಲ್ಲ," ಎಂದು ಆಕೆ ಹೊರಟರು. ಎರಡು ನಿಮಿಷದಲ್ಲಿ ಬಾಗಿಲ ಸಂದಿಯಿಂದ ಬಿಸ್ಕತ್ತುಗಳು ಒಂದೊಂದಾಗಿ ಒಳಕ್ಕೆ ಜಾರತೊಡಗಿದವು. ಗುಮಾಸ್ತ ನೆಲದ ಮೇಲೆ ಬೋರಲು ಬಿದ್ದು, ನಾಯಿಗಿಂತ ಮೊದಲು ಅವನ್ನು ಬಾಚಿಕೊಂಡ. ಅಷ್ಟರಲ್ಲಿ ಕಿಟಕಿಯಲ್ಲಿ ಒಂದು ಬನ್ನು ಕಾಣಿಸಿತು. ಕೆಳಗಿನಿಂದ ಬೇಕರಿಯವನು, ಒಲೆಯೊಳಗಿನ ಬ್ರೆಡ್ಡು ಎಳೆಯುವ ಉದ್ದ ಹಿಡಿಯ ಹಲಗೆಯ ಮೇಲೆ ಅದನ್ನಿಟ್ಟು ಎತ್ತಿಹಿಡಿದಿದ್ದ.

"ತಗೋ ಮರಿ, ತಗೋ! ಆ ಕಟುಕನ ಕೈಗೆ ಎಲ್ಲಿ ಸಿಕ್ಕಿದ್ಯೋ!"

ಗುಮಾಸ್ತ ಬನ್ನನ್ನು ಕಿತ್ತುಕೊಂಡು ಕಿಟಕಿ ಮುಚ್ಚಿದ.

"ಒಂದು ಚೂರು ಹಾಕಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದಳು ಹೆಂಡತಿ.

"ನನ್ನ ಕುರ್ಚಿ ಹೋಗುತ್ತೆ ಕಣೇ!"

ಮತ್ತೆ ಬಾಗಿಲು ಬಡಿತ. ಈ ಸಲ ಬೇಕರಿಯವನೂ ಹೆಡ್‌ಮಿಸ್ಟ್ರೆಸ್ಸೂ ಜೊತೆಯಾಗಿ ಬಂದಿದ್ದರು. ಹಿಂದೆ ಮೆಟ್ಟಿಲ ತುಂಬ ಜನ. ಬಾಯಿಲ್ಲದ ಪ್ರಾಣಿಯನ್ನು ಹಿಂಸಿಸುವವನ ಮೇಲೆ ಪೊಲೀಸರಿಗೆ ದೂರು ಕೊಡುವುದೆಂದು ತೀರ್ಮಾನವಾಗಿತ್ತು. ಗುಮಾಸ್ತನ ಬುದ್ಧಿಗೆ ಮಂಕು ಕವಿಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಉಪವಾಸ ಇರೋದು ನಾನು! ನನಗೆ ಭಾರೀ ಕಾಯಿಲೆ. ಏನೂ ತಿನ್ನಬಾರದು ಅಂದಿದಾರೆ. ನಾನು ತಿನ್ನೋವರೆಗೂ ತಾನೂ ಮುಟ್ಟಲ್ಲ ಅಂತ ಈ ಪ್ರಾಣಿ ಹಟ ಹಿಡಿದಿದೆ."

ಅದೇ ಹೊತ್ತಿಗೆ ಗುಂಡ ಬಂದು ಅವನ ಪಾದದ ಮೇಲೆ ತಲೆಯಿಟ್ಟಿತು. ಅಲ್ಲಿ ಬನ್ನಿನ ಪುಡಿಯೇನಾದರೂ ಬಿದ್ದಿದೆಯೇ ಎಂದು ಮೂಸುತ್ತಿತ್ತು. ನೋಡಿದವರ ಕಣ್ಣು ತುಂಬಿತು. ಹೆಂಡತಿ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಅಳಲು ಹೋದಳೆಂದು ಎಲ್ಲರೂ ಮರುಗಿದರು.

ಆಮೇಲೆ ಯಾರೂ ನಾಯಿಗೆ ತಿಂಡಿ ತೋರಿಸಲಿಲ್ಲ. ಉಪಾಯ ಫಲಿಸಿತೆಂದು ಗುಮಾಸ್ತ ಒಳಗೊಳಗೇ ಹಿಗ್ಗಿದ. ಆದರೆ ಅವನನ್ನು ಮಂಚದ ಮೇಲೆ ಮಲಗಿಸಿ, ಆ ಸೆಕೆಯಲ್ಲಿ ಕುತ್ತಿಗೆವರೆಗೆ ಕಂಬಳಿ ಹೊದಿಸಿದರು. ಹೆಂಡತಿ ಮಾಡಿಟ್ಟಿದ್ದ ಊಟವನ್ನು, ಕಣ್ಣೆದುರಿಗಿದ್ದರೆ ರೋಗಿಗೆ ಆಸೆಯಾಗುತ್ತದೆಂದು ಬೇಕರಿಯವನು ತಾನೇ ಉಂಡು ಉಪಕಾರ ಮಾಡಿದ. ಹೆಡ್‌ಮಿಸ್ಟ್ರೆಸ್ಸು ತಲೆಯ ಹತ್ತಿರ ಕಾವಲು ಕೂತರು. ಮಧ್ಯಾಹ್ನದ ಹೊತ್ತಿಗೆ ಗುಮಾಸ್ತನ ಹೊಟ್ಟೆಯ ಸದ್ದು ಕೇಳಿ ನಾಯಿಯೇ ಬೆಚ್ಚಿ ಮಂಚದ ಕೆಳಗೆ ಸೇರಿತು.

ಸಂಜೆ ಗುಂಡನನ್ನು ಡಾಕ್ಟರ ಹತ್ತಿರ ಒಯ್ಯಬೇಕೆಂದು ಅವನು ಎದ್ದಾಗ, "ಸಾಯೋ ಹೊತ್ತಲ್ಲೂ ನಾಯಿ ಚಿಂತೆ! ದೊಡ್ಡ ಮನಸ್ಸು ಕಣಪ್ಪ ನಿಂದು," ಎಂದು ಹೆಡ್‌ಮಿಸ್ಟ್ರೆಸ್ಸು ಕಣ್ಣೊರೆಸಿಕೊಂಡರು. ನಡೆಯಲು ಬಿಡಲಿಲ್ಲ. ಬ್ರೆಡ್ಡು ಸಾಗಿಸುವ ತಳ್ಳುಗಾಡಿಯಲ್ಲಿ ಅವನನ್ನೂ ನಾಯಿಯನ್ನೂ ಅಕ್ಕಪಕ್ಕ ಕೂರಿಸಿ ಬೇಕರಿಯವನು ತಳ್ಳಿದ.

ಆಸ್ಪತ್ರೆಯಲ್ಲಿ ಮ್ಯಾನೇಜರ ದಂಪತಿ ಕಾಯುತ್ತಿದ್ದರು. ಡಾಕ್ಟರು ಗುಂಡನ ರಕ್ತ ತೆಗೆದರು. "ಖಾಲಿ ಹೊಟ್ಟೇಲೇ ತಂದಿದೀರಿ, ಶಾಭಾಷ್," ಎಂದರು. ಗುಮಾಸ್ತನಿಗೆ ಕಿಟಕಿಯ ಗಾಳಿ ಆಗಲೇ ಮುಖಕ್ಕೆ ಬೀಸಿದಂತಾಯಿತು. ಆಗ ಹೆಡ್‌ಮಿಸ್ಟ್ರೆಸ್ಸು ಮುಂದೆ ಬಂದು ಕತೆಯನ್ನೆಲ್ಲ ಬಿಚ್ಚಿದರು. ಕಾಯಿಲೆ, ಉಪವಾಸ, ನಾಯಿಯ ಹಟ. ಗುಮಾಸ್ತ ಮ್ಯಾನೇಜರ ಬೆನ್ನ ಹಿಂದಿನಿಂದ ಕಣ್ಸನ್ನೆ ಮಾಡಿದ್ದೇ ಮಾಡಿದ್ದು.

"ನೋಡಿ, ಕಣ್ಣೂ ಅದುರೋಕೆ ಶುರುವಾಯ್ತು," ಎಂದ ಬೇಕರಿಯವನು.

"ಸಾರ್, ನನಗೇನೂ ಆಗಿಲ್ಲ! ಅದೆಲ್ಲ ಸುಳ್ಳು ಸಾರ್!"

"ಕೆಲಸಕ್ಕೆ ಕುತ್ತು ಬರುತ್ತೆ ಅಂತ ಮುಚ್ಚಿಡ್ತಿದಾನೆ, ಪಾಪ," ಎಂದರು ಹೆಡ್‌ಮಿಸ್ಟ್ರೆಸ್ಸು.

ಮ್ಯಾನೇಜರ ಹೆಂಡತಿ ಬಿಕ್ಕಿಬಿಕ್ಕಿ ಅತ್ತರು. ಮ್ಯಾನೇಜರು ಬಗ್ಗಿ ಗುಂಡನ ತಲೆ ಸವರಿದರು. "ನಾನು ಜ್ವರದಲ್ಲಿ ಮಲಗಿದ್ದಾಗ ನನ್ನ ತಟ್ಟೆನೂ ಇವನೇ ನೆಕ್ಕಿ ಖಾಲಿ ಮಾಡಿದ. ನಿಮಗೋಸ್ಕರ ಅನ್ನ ಬಿಟ್ಟಿದಾನೆ ಅಂದ್ರೆ ಇವನು ನಿಮ್ಮವನೇ. ನಿಮ್ಮಿಬ್ಬರನ್ನ ಬೇರೆ ಮಾಡಿ ನಾನು ಪಾಪ ಕಟ್ಕೊಳ್ಳಲ್ಲ." ಗುಂಡನ ಹಗ್ಗವನ್ನು ಗುಮಾಸ್ತನ ಕೈಯಲ್ಲಿಟ್ಟರು. "ಇನ್ನು ಆ ಮಹಡಿ ಮೆಟ್ಟಿಲು ಹತ್ತೋ ತಾಪತ್ರಯ ನಿಮಗೆ ಬೇಡ. ನೆಲಮಾಳಿಗೆ ತಂಪಾಗಿದೆ. ರಿಟೈರ್ ಆಗೋವರೆಗೂ ಅಲ್ಲೇ ಆರಾಮಾಗಿರಿ."

ಗುಮಾಸ್ತ ಹಗ್ಗವನ್ನು ಅವರತ್ತ ಚಾಚಿದ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು.

"ಇನ್ನೊಂದು ವಿಷಯ," ಎಂದರು ಡಾಕ್ಟರು. "ಇವನ ತೂಕ ಬಹಳ ಜಾಸ್ತಿ. ಇವತ್ತಿನಿಂದ ಊಟ ಅರ್ಧ ಮಾಡಿ."

ಹೆಡ್‌ಮಿಸ್ಟ್ರೆಸ್ಸು ಗುಮಾಸ್ತನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇವನು ತಿಂದಷ್ಟೇ ತಾನೇ ಅದೂ ತಿನ್ನೋದು? ನನಗೆ ಬಿಡಿ ಡಾಕ್ಟ್ರೇ, ಇಬ್ಬರನ್ನೂ ನಾನು ನೋಡ್ಕೋತೀನಿ."

ಮನೆಗೆ ಬಂದ ಕೂಡಲೇ ಆಕೆ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು, ಎರಡು ತಟ್ಟೆಗೂ ತಾವೇ ಅರ್ಧರ್ಧ ಬಡಿಸಿದರು. ಗುಮಾಸ್ತ ಕೈ ತೊಳೆದು ಬರುವಷ್ಟರಲ್ಲಿ ಗುಂಡ ಒಂದು ತಟ್ಟೆ ಬರಿದು ಮಾಡಿ ಇನ್ನೊಂದಕ್ಕೆ ಬಾಯಿ ಹಾಕಿತ್ತು.

"ನೋಡಿದ್ಯೇನಪ್ಪ," ಎಂದರು ಹೆಡ್‌ಮಿಸ್ಟ್ರೆಸ್ಸು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ, "ನಿನಗೆ ಧೈರ್ಯ ಬರಲಿ ಅಂತ ಮೊದಲು ತಾನೇ ತಿಂದು ತೋರಿಸ್ತಿದೆ."