ಚಿವುಟಪ್ಪನ ಹಸಿರು ದೀಪ

ಆ ದಿನದ ತೊಂದರೆಗೆಲ್ಲ ಮೂಲ, ಚಿಕ್ಕಮ್ಮ ಕೊಂಡುತಂದ ಕರೆಂಟಿನ ಕೆಟಲು. ಚಿಕ್ಕಮ್ಮ ಅಲ್ಲಿ ಯಾರಿಗೂ ಚಿಕ್ಕಮ್ಮನಲ್ಲ. ಪ್ರಯೋಗಶಾಲೆಯ ಸಾಮಾನುಗಳ ಉಸ್ತುವಾರಿ ಅವರದು. ಮನುಷ್ಯರ ಉಸ್ತುವಾರಿಯನ್ನೂ ತಾವಾಗಿ ವಹಿಸಿಕೊಂಡದ್ದರಿಂದ ಆ ಹೆಸರು. ಕೆಳಗಿನ ಅಂಗಡಿಯ ಚಹಾ ಮೆಟ್ಟಿಲು ಹತ್ತುವಷ್ಟರಲ್ಲಿ ಆರಿ, ಮುನಿಸಿಕೊಂಡ ನೆಂಟನ ಹಾಗೆ ಬಂದು ಮೇಜಿನ ಮೇಲೆ ಕೂರುತ್ತಿತ್ತು. "ಇನ್ನು ಆ ಕರ್ಮ ಬೇಡ" ಎಂದು ಅವರು ಕೆಟಲನ್ನು ಕೂಸಿನಂತೆ ಎತ್ತಿಕೊಂಡು ಬಂದರು. ಗೋಡೆಯ ಪ್ಲಗ್ಗುಗಳಲ್ಲೆಲ್ಲ ಯಾರ ಯಾರದೋ ಫೋನುಗಳು ಜೋತುಬಿದ್ದಿದ್ದವು. ಖಾಲಿ ಇದ್ದದ್ದು ಚಿವುಟಪ್ಪನ ಮೇಜಿನ ಪ್ಲಗ್ಗು ಒಂದೇ.

ಚಿವುಟಪ್ಪ ಎಂಬುದೂ ಹೆತ್ತವರು ಇಟ್ಟ ಹೆಸರಲ್ಲ. ಅವನ ಕಸುಬಿನಿಂದ ಅಂಟಿದ್ದು. ಅವನ ಮುಂದೆ ಹೆಬ್ಬೆರಳಿನ ಉಗುರಿನಷ್ಟಗಲದ ಒಂದು ಚಿಪ್. ಜನರ ದುಡ್ಡನ್ನೂ ಮನೆಬಾಗಿಲನ್ನೂ ಮುಂದೆ ಅದೇ ಕಾಯಬೇಕು. ಅದರೊಳಗೆ ಒಬ್ಬ ಕಾವಲುಗಾರ ಕೂತಿದ್ದಾನೆ ಅಂದುಕೊಳ್ಳಿ. ಯಾರೇ ಬರಲಿ, "ಗುಟ್ಟಿನ ಮಾತು ಹೇಳು" ಅನ್ನುತ್ತಾನೆ. ಸರಿಯಾದರೆ ಬಾಗಿಲು ತೆಗೆಯುತ್ತಾನೆ, ತಪ್ಪಾದರೆ ಇಲ್ಲ. ಆದರೆ ಅವನು ಕೇಳುವ ಆ ಕ್ಷಣಕ್ಕೇ ಕರೆಂಟನ್ನು ಕಣ್ಣುರೆಪ್ಪೆಗೂ ತಿಳಿಯದಷ್ಟು ಹೊತ್ತು ಅಲುಗಿಸಿದರೆ, ಸೀನು ಬಂದವನ ಹಾಗೆ ಅವನಿಗೆ ಕೇಳಬೇಕಾದ ಮಾತೇ ಮರೆತುಹೋಗಿ, ಕಳ್ಳನನ್ನೇ "ಬನ್ನಿ, ಒಳಗೆ ಬನ್ನಿ" ಎಂದು ಕರೆದುಬಿಡಬಹುದು. ಕಳ್ಳರು ಈ ವಿದ್ಯೆ ಕಲಿತಿದ್ದಾರೆ. ಅವರಿಗಿಂತ ಮೊದಲು ಕಾವಲುಗಾರನನ್ನು ಚಿವುಟಿ ನೋಡುವುದು ಚಿವುಟಪ್ಪನ ಕೆಲಸ. ಚಿಪ್ಪಿನ ಪಕ್ಕದಲ್ಲಿ ಸಾಕ್ಷಿಗೆಂದು ಒಂದು ಪುಟ್ಟ ಬೋರ್ಡು. ಬಾಗಿಲು ಮುಚ್ಚಿಯೇ ಇದ್ದರೆ ಅದರಲ್ಲಿ ಕೆಂಪು ದೀಪ, ತೆರೆದುಕೊಂಡರೆ ಹಸಿರು.

ತಿಂಗಳುಗಟ್ಟಲೆ ಚಿವುಟಿದ್ದ. ನಿದ್ದೆಗಣ್ಣಿನಲ್ಲಿ ಹೆಂಡತಿಯ ತೋಳನ್ನೂ ಚಿವುಟಿ ಬೈಸಿಕೊಂಡಿದ್ದ. ಕಾವಲುಗಾರ ಮಾತ್ರ ಒಮ್ಮೆಯೂ ಸೀನಲಿಲ್ಲ. ಈವತ್ತು ಮಧ್ಯಾಹ್ನ ಕಳೆಯುವವರೆಗೂ ದೀಪ ಕೆಂಪಾಗಿಯೇ ಉಳಿದರೆ ಮೇಲ್ವಿಚಾರಕರು "ಪಾಸು" ಅನ್ನುತ್ತಾರೆ. ಅಂದರೆ ಒಂದು ವಾರ ರಜೆ, ಸಂಜೆಯ ರೈಲು, ಹೆಂಡತಿಯ ಜೊತೆ ಸಮುದ್ರ. ಮದುವೆಯಾದ ಹೊಸದರಲ್ಲಿ ಕೊಟ್ಟ ಮಾತು ಅದು. ಆಮೇಲೆ ಹೊರಟಾಗಲೆಲ್ಲ ಯಾವುದೋ ಚಿಪ್ ಅಡ್ಡ ಬಂದಿತ್ತು.

"ಈ ಸಲ ತಪ್ಪೋದಿಲ್ಲ" ಎಂದು ಬೆಳಿಗ್ಗೆ ಅವನು ಹೇಳಿದಾಗ ಹೆಂಡತಿ ಚೀಲಕ್ಕೆ ಬಟ್ಟೆ ತುಂಬುತ್ತ, "ಸಮುದ್ರ ಏನೂ ಎದ್ದು ಹೋಗಲ್ಲ ಬಿಡಿ" ಎಂದಷ್ಟೇ ಅಂದಿದ್ದಳು.

ಊಟದ ಹೊತ್ತಿಗೆ ಚಿಕ್ಕಮ್ಮ ಕೆಟಲನ್ನು ಆ ಪ್ಲಗ್ಗಿಗೆ ಸಿಕ್ಕಿಸಿ ಗುಂಡಿ ಒತ್ತಿದರು. ಅದು ಗುರ್ ಎಂದಿತು. ಅದೇ ಗಳಿಗೆಗೆ ಬೋರ್ಡಿನ ಮೇಲೆ, ಬೆಳಗಿನ ಮಂಜಿನಲ್ಲಿ ಎಳೆ ಚಿಗುರು ಕಂಡ ಹಾಗೆ, ಹಸಿರು ದೀಪ ಹೊತ್ತಿತು.

ಚಿವುಟಪ್ಪ ಅದನ್ನು ನೋಡಿದ. ನೋಡಲಿಲ್ಲ ಎಂದು ಅಂದುಕೊಳ್ಳಲು ನೋಡಿದ. ಅಷ್ಟರಲ್ಲಿ ಚಿಕ್ಕಮ್ಮ, "ಅಯ್ಯೋ, ಹಸಿರು ಎಷ್ಟು ಚೆನ್ನಾಗಿದೆ, ಇದೂ ಇತ್ತಾ ಇದರಲ್ಲಿ" ಎಂದು ಮಹಡಿಗೆಲ್ಲ ಕೇಳುವಂತೆ ಹೇಳಿದರು.

ಎಲ್ಲರೂ ಕೂಡಿದರು. ಪಕ್ಕದ ಮೇಜಿನ ಲೆಕ್ಕದಣ್ಣ ಮೊದಲು ಬಂದ. ಅವನು ಚಿಪ್ಪನ್ನು ಬೆರಳಿನಲ್ಲಿ ಮುಟ್ಟುವವನಲ್ಲ. ಅದು ಭದ್ರ ಎಂಬುದನ್ನು ಗಣಿತದಿಂದಲೇ ಸಾಧಿಸುವವನು.

"ನನ್ನ ಲೆಕ್ಕದಲ್ಲಿ ಇದು ತೆರೆಯೋಕೆ ಸಾಧ್ಯವೇ ಇಲ್ಲ" ಅಂದ.

"ತೆರೆದಿದೆಯಲ್ಲಪ್ಪ" ಅಂದ ಚಿವುಟಪ್ಪ.

"ಹಾಗಾದ್ರೆ ತಪ್ಪು ಅದರದ್ದು."

ಮೇಲ್ವಿಚಾರಕರು ಕನ್ನಡಕ ಏರಿಸಿ ಬಂದರು. "ಚಹಾ ಕಾಯಿಸಿದ್ರೆ ತೆರೆಯೋ ಬೀಗನ ಯಾರ ಮನೆಗೆ ಹಾಕೋದು? ಕಳ್ಳ ಬರೋವಾಗ ಚಹಾಪುಡಿನೂ ತರ್ತಾನೆ. ಮತ್ತೆ ಕಾಯಿಸಿ. ಯಾವಾಗ ತೆರೆಯುತ್ತೆ ಅಂತ ಹಿಡೀಬೇಕು."

ಕಾಯಿಸಿದರು. ಹಸಿರು. ಬಿಸಿನೀರಿನಿಂದಲೇ ಮತ್ತೆ ಶುರುಮಾಡಿದರೆ ಪರೀಕ್ಷೆ ಕೆಡುತ್ತದೆ ಎಂದು ಲೆಕ್ಕದಣ್ಣ ಹೇಳಿದ್ದರಿಂದ ಪ್ರತಿ ಸಲವೂ ಕೆಟಲು ಬರಿದಾಗಬೇಕು. ಕಾದದ್ದನ್ನು ಚೆಲ್ಲಲು ಚಿಕ್ಕಮ್ಮ ಬಿಡರು. ಹೀಗಾಗಿ ಎಲ್ಲರೂ ಕುಡಿದರು. ಮತ್ತೆ ಕಾಯಿಸಿದರು, ಮತ್ತೆ ಕುಡಿದರು. ಒಮ್ಮೆ ಹಸಿರು, ಒಮ್ಮೆ ಕೆಂಪು. ಮೇಲ್ವಿಚಾರಕರು ನಡೆದರೆ ತುಂಬಿದ ಕೊಡ ನಡೆದಂತೆ ಒಳಗೆ ಸದ್ದಾಗುತ್ತಿತ್ತು. "ವಿಜ್ಞಾನಕ್ಕೆ ಇಷ್ಟಾದ್ರೂ ಮಾಡಬೇಡವಾ, ಕುಡೀರಿ" ಎಂದು ಚಿಕ್ಕಮ್ಮ ಲೋಟ ತುಂಬುತ್ತಲೇ ಇದ್ದರು.

ಹೊತ್ತು ಇಳಿಯತೊಡಗಿತು. ಗಾಜಿನ ಕಿಟಕಿಯಿಂದ ಜೇನಿನ ಬಣ್ಣದ ಬಿಸಿಲು ಮೇಜಿನ ಮೇಲೆ ಹರಿದುಬಂತು. ಎಷ್ಟು ಚಹಾ ಕುಡಿದಿದ್ದರೂ ಚಿವುಟಪ್ಪನ ರೆಪ್ಪೆಗಳು ಕೂಡಿಕೊಂಡವು. ಭಗವಂತ ನಿದ್ದೆಯನ್ನು ಬೇಡಿದವನಿಗೆ ಹಾಸಿಗೆಯಲ್ಲಿ ಕೊಡದೆ, ಬೇಡದವನಿಗೆ ಕುರ್ಚಿಯಲ್ಲಿ ಧಾರಾಳವಾಗಿ ಕೊಡುತ್ತಾನೆ.

ಕನಸಿನಲ್ಲಿ ಸಮುದ್ರವಿತ್ತು. ಅವನು ಅದನ್ನು ಕಂಡವನಲ್ಲವಾದ್ದರಿಂದ ಅದು ತುಸು ಅವರ ಮನೆಯ ಟ್ಯಾಂಕಿನ ಹಾಗೆಯೂ, ತುಸು ಆಕಾಶದ ಹಾಗೆಯೂ ಇತ್ತು. ದಡದಲ್ಲಿ ಮುಚ್ಚಿದ ಬಾಗಿಲಿನ ಮುಂದೆ ಕಾವಲುಗಾರ ಕಲ್ಲಿನಂತೆ ಕೂತಿದ್ದ. ದೊಡ್ಡ ಅಲೆ ಬಂದು ಮೈಮೇಲೆ ಬಿದ್ದರೂ ಅಲುಗಲಿಲ್ಲ. ಆದರೆ ಪಕ್ಕದಲ್ಲಿ ಲಾಂದ್ರ ಹಿಡಿದು ನಿಂತಿದ್ದ ಬಡಕಲು ಸಾಕ್ಷಿ, ನೀರು ಸೋಕಿದ್ದೇ ತಡ, ಗಡಗಡ ನಡುಗಿ, "ತೆರೀತು, ತೆರೀತು" ಎಂದು ಹಲುಬುತ್ತಿದ್ದ.

ಚಿವುಟಪ್ಪ ಥಟ್ಟನೆ ಎದ್ದ. ಯಾರಿಗೂ ಏನೂ ಹೇಳದೆ ಚಿಪ್ಪನ್ನು ಮೆಲ್ಲಗೆ ಬಿಡಿಸಿ ಅಂಗೈಯಲ್ಲಿಟ್ಟುಕೊಂಡ. "ಚಿಕ್ಕಮ್ಮ, ಒಂದ್ಸಲ ಹಾಕಿ."

ಕೆಟಲು ಗುರ್ ಎಂದಿತು. ಚಿಪ್ಪೇ ಇಲ್ಲದ ಖಾಲಿ ಜಾಗವನ್ನು ನೋಡುತ್ತ ಬೋರ್ಡು ಹಸಿರು ದೀಪ ಹೊತ್ತಿಸಿತು.

"ನೋಡಿ" ಅಂದ ಚಿವುಟಪ್ಪ, ಅಂಗೈ ಚಾಚುತ್ತ. "ಬೀಗ ನನ್ನ ಕೈಯಲ್ಲಿದೆ. ಬಾಗಿಲೇ ಇಲ್ಲ. ಆದ್ರೂ ತೆರೀತು ಅಂತಿದೆ. ಕೆಟಲು ಕರೆಂಟು ಎಳೆದಾಗ ಬೆದರೋದು ಚಿಪ್ ಅಲ್ಲ, ಈ ಬೋರ್ಡು. ಸಾಕ್ಷಿ ಸುಳ್ಳು. ಚಿಪ್ ನಿರಪರಾಧಿ."

ಚಿಕ್ಕಮ್ಮ ಕಣ್ಣೊರೆಸಿಕೊಂಡರು; ತಪ್ಪು ಕೆಟಲಿನದೂ ಅಲ್ಲ ಎಂದು ಅವರಿಗೆ ತೋರಿತು. ಮೇಲ್ವಿಚಾರಕರು ಅವನ ಬೆನ್ನು ತಟ್ಟಿದರು. "ಭೇಷ್. ನೀನು ಹೊರಡಪ್ಪ, ರೈಲಿಗೆ ಹೊತ್ತಾಯ್ತು. ಇದು ಪಾ—"

"ಒಂದು ಸಣ್ಣ ಮಾತು" ಅಂದ ಲೆಕ್ಕದಣ್ಣ, ಲೋಟ ಕೆಳಗಿಡುತ್ತ. ಅವನ ದನಿಯಲ್ಲಿ ಕೇಡು ಇರಲಿಲ್ಲ. ಲೆಕ್ಕ ಮಾತ್ರ ಇತ್ತು. "ಕರೆಂಟು ಅಲುಗಿದ್ರೆ ಬೋರ್ಡು ಸುಳ್ಳು ಹೇಳುತ್ತೆ, ಅಲ್ವಾ?"

"ಹೂಂ" ಅಂದ ಚಿವುಟಪ್ಪ, ಚೀಲ ಹೆಗಲಿಗೇರಿಸುತ್ತ.

"ನೀನು ಇಷ್ಟು ತಿಂಗಳು ಚಿವುಟಿದ್ದು ಅಂದ್ರೇನು? ಕರೆಂಟು ಅಲುಗಿಸಿದ್ದು. ಯಾವ ತಂತಿಯಲ್ಲಿ?"

ಚಿವುಟಪ್ಪ ತಂತಿಯನ್ನು ನೋಡಿದ. ಚಿಪ್ಪಿಗೂ ಬೋರ್ಡಿಗೂ ಅದೇ ಒಂದು ತಂತಿ.

"ಅಂದ್ರೆ ನೀನು ಚಿವುಟಿದಾಗಲೆಲ್ಲ ಸಾಕ್ಷಿನೂ ಬೆದರಿದೆ. ಬಾಗಿಲಿಲ್ಲದೆ ತೆರೀತು ಅಂದವನು, ತೆರೆದಾಗ ಮುಚ್ಚಿದೆ ಅಂತಲೂ ಅಂದಿರಬಹುದು. ಇಷ್ಟು ದಿನ ಕೆಂಪು ಅಂತ ಹೇಳಿದ್ದು ಯಾರು? ಇವನೇ ತಾನೆ?"

ಕೆಟಲು ಟಿಕ್ ಟಿಕ್ ಎಂದು ಆರುತ್ತಿತ್ತು. ಮೇಲ್ವಿಚಾರಕರು ಅರ್ಧ ಆಡಿದ್ದ ಮಾತನ್ನು ನುಂಗಿಕೊಂಡು, ಚಿವುಟಪ್ಪನ ಬೆನ್ನಿನ ಮೇಲಿದ್ದ ಕೈಯನ್ನು ಹೆಗಲಿನ ಚೀಲದ ಮೇಲೆ ತಂದು, ಅದನ್ನು ಅಕ್ಕರೆಯಿಂದ ಇಳಿಸಿಕೊಂಡರು. "ಬೇರೆ ತಂತಿ, ಬೇರೆ ಬೋರ್ಡು. ಮೊದಲಿಂದ ಶುರುಮಾಡೋಣ. ಪರವಾಗಿಲ್ಲ, ನೀನೇ ಕಂಡುಹಿಡಿದದ್ದು. ಆ ಕೀರ್ತಿ ನಿನಗೇ."

ಚಿವುಟಪ್ಪ ಮೂಲೆಗೆ ಹೋಗಿ ಮನೆಗೆ ಫೋನು ಮಾಡಿದ. ಎಲ್ಲವನ್ನೂ ತಡವರಿಸುತ್ತ ಹೇಳಿದ. ಹೆಂಡತಿ ಶಾಂತವಾಗಿ ಕೇಳಿಸಿಕೊಂಡಳು.

"ಆಯ್ತು ಬಿಡಿ. ನಿಮ್ಮ ಟಿಕೆಟ್ಟು ನಿನ್ನೆನೇ ಅಕ್ಕನಿಗೆ ಕೊಟ್ಟಾಯ್ತು. ಅವಳಾಗಲೇ ಬಂದು ಚಪ್ಪಲಿ ಮೆಟ್ಟಿಕೊಂಡೇ ಕೂತಿದಾಳೆ."

ಚಿವುಟಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ನಿನ್ನೆನೇ? ಹಾಗಾದ್ರೆ ಈವತ್ತು ಚಿಪ್ ಪಾಸಾಗಿದ್ರೆ ನಾನೇನು ಮಾಡಬೇಕಿತ್ತು?"

"ಮನೆಗೆ ಬಂದು ನಿದ್ದೆ ಮಾಡಬಹುದಿತ್ತು" ಅಂದಳು. "ಅದೂ ಹೋಯ್ತಲ್ಲ, ಪಾಪ."